ಬೀಗರ ಹನ್ನೊಂದು ಕಾಪಿ

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಬೀಗ ರಿಪೇರಿ ಮಾಡುವವರು, ಅದಕ್ಕೇ ಎಲ್ಲರಿಗೂ ‘ಬೀಗರು’. ಮಗಳನ್ನು ಕೊಟ್ಟವರಲ್ಲ, ಸೊಸೆಯನ್ನು ತಂದವರಲ್ಲ, ಮಕ್ಕಳೇ ಇಲ್ಲದ ಮನುಷ್ಯ. ಆದರೂ ಬೀದಿಗೆಲ್ಲ ಬೀಗರು. ಅವರ ಹೆಂಡತಿ ಬೀಗಿತ್ತಿ. “ಒಂದು ಮದುವೇನೂ ಮಾಡದೆ ಇಷ್ಟು ಜನ ಸಂಬಂಧಿಕರನ್ನ ಸಂಪಾದಿಸಿದೀನಿ, ಒಬ್ಬರಾದ್ರೂ ಊಟಕ್ಕೆ ಕರೀತಾರಾ ನೋಡಿ” ಎಂದು ಅವರೇ ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಮೂವತ್ತು ವರ್ಷ ವಯಸ್ಸಾಗಿದೆ. ಈಗ ಯಾರೂ ನಗುವುದಿಲ್ಲ, ಆದರೆ ಅವರು ಹೇಳದಿದ್ದ ದಿನ ಏನೋ ಕಡಿಮೆಯಾದ ಹಾಗಿರುತ್ತದೆ.

ನನ್ನದು ಪಕ್ಕದ ಜೆರಾಕ್ಸ್ ಅಂಗಡಿ. ನನಗೂ ಹೆಸರು ಉಳಿದಿಲ್ಲ, ನಾನು ಜೆರಾಕ್ಸಮ್ಮ. ನನ್ನ ಸಿಡುಕು ಇಡೀ ಬೀದಿಗೆ ಗೊತ್ತು. ದಿನವಿಡೀ ನಿಂತು, ಮಡಚಿದ ಮೂಲೆ ಬಿಡಿಸಿ, ಜನರ ಕಾಗದಪತ್ರ ಗಾಜಿನ ಮೇಲೆ ಬೋರಲು ಹಾಕುವವಳಿಗೆ ಸಿಡುಕು ಬರದೆ ಇನ್ನೇನು ಬರುತ್ತದೆ? ಬೀಗರಿಗೆ ಮಾತ್ರ ಸಿಡುಕು ಎಂದರೆ ಏನೆಂದೇ ತಿಳಿಯದು. ಅವರದು ಅಂಗಡಿ ಎನ್ನುವುದಕ್ಕಿಂತ ಒಂದು ಬಾಗಿಲಿನಗಲದ ಗೂಡು. ಒಂದು ಮೇಜು, ಕೀಲಿಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸು, ಲೋಹ ಉಜ್ಜುವ ಏಳೆಂಟು ಅರ, ಗೋಡೆ ತುಂಬ ಮೊಳೆಗಳಿಗೆ ತೂಗುಹಾಕಿದ ಹಲ್ಲಿಲ್ಲದ ಹೊಸ ಕೀಲಿಗಳು. ಕೀಲಿ ಕತ್ತರಿಸುವ ಯಂತ್ರ ಬಂದು ಎಷ್ಟೋ ಕಾಲವಾಯಿತು. ಇವರು ಅದರ ತಂಟೆಗೆ ಹೋಗಲಿಲ್ಲ, ಅರದಲ್ಲೇ ಉಜ್ಜುತ್ತಿದ್ದರು.

ಅವರು ನಿಜವಾಗಿ ಹೆಸರುವಾಸಿಯಾಗಿದ್ದದ್ದು ಕೀಲಿ ಕಳೆದುಹೋದ ಬೀಗ ತೆಗೆಯುವುದರಲ್ಲಿ. ಬೀಗದ ಒಳಗೆ ಸಣ್ಣ ಪಿನ್ನುಗಳು ಸಾಲಾಗಿ ನಿಂತಿರುತ್ತವಂತೆ. ತಂತಿಯ ಕೊಕ್ಕೆಯಿಂದ ಒಂದೊಂದನ್ನೇ ಎತ್ತಬೇಕು. ಸರಿಯಾದ ಎತ್ತರಕ್ಕೆ ಬಂದಾಗ ಬೆರಳಿಗೆ ಒಂದು ಚೂರು ಕುಲುಕಿದ ಹಾಗೆ ತಿಳಿಯುತ್ತದಂತೆ. “ಕಣ್ಣಿಗೆ ಇಲ್ಲಿ ಕೆಲಸ ಇಲ್ಲ ಜೆರಾಕ್ಸಮ್ಮ. ಬೆರಳು ಹೇಳುತ್ತೆ, ನಾವು ಕೇಳಿಸ್ಕೋಬೇಕು” ಎನ್ನುತ್ತಿದ್ದರು. ಮೂರು ನಿಮಿಷ, ಹೆಚ್ಚೆಂದರೆ ಐದು. ನಲವತ್ತು ವರ್ಷದಲ್ಲಿ ಒಂದು ಬೀಗವನ್ನೂ ಒಡೆದವರಲ್ಲ. ಒಡೆದರೆ ಅದು ರಿಪೇರಿ ಅಲ್ಲ, ಕಳ್ಳತನ ಎಂಬುದು ಅವರ ಲೆಕ್ಕ.

ಐವತ್ತೆಂಟರಲ್ಲಿ ಅವರ ದೊಡ್ಡ ಕರುಳಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ, ಸೋಮವಾರ, ಒಟ್ಟು ಹನ್ನೆರಡು ಕೀಮೋ ಎಂದರು. ಬೀಗಿತ್ತಿ ಶಾಲೆಯಲ್ಲಿ ಆಯಾ. ಆಪರೇಷನ್ನಿನ ಹೊತ್ತಿಗೇ ಅವಳ ರಜೆಯೆಲ್ಲ ಮುಗಿದಿತ್ತು. ಹೀಗಾಗಿ ಬೀಗರು ಒಬ್ಬರೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು.

ಪ್ರತಿ ಸಲ ಔಷಧ ಏರಿಸುವ ಮುಂಚೆ ಆಸ್ಪತ್ರೆಯವರು ಒಂದು ಹಾಳೆ ತುಂಬಿಸಿಕೊಳ್ಳುತ್ತಿದ್ದರು. ಏಳು ಪ್ರಶ್ನೆ. ಕೈಕಾಲು ಜೋಮು ಹಿಡಿಯುತ್ತದೆಯೇ, ಉರಿ ಇದೆಯೇ, ಸೂಜಿ ಚುಚ್ಚಿದಂತಾಗುತ್ತದೆಯೇ, ತಣ್ಣಗಿರುವುದನ್ನು ಮುಟ್ಟಿದರೆ ನೋವೇ, ಅಂಗಿಯ ಗುಂಡಿ ಹಾಕಲು ಕಷ್ಟವೇ, ನಡೆಯುವಾಗ ಎಡವುತ್ತೀರಾ, ದಿನದ ಕೆಲಸಕ್ಕೆ ತೊಂದರೆ ಇದೆಯೇ. ಇದ್ದರೆ ಒಂದರಿಂದ ಹತ್ತರೊಳಗೆ ಎಷ್ಟೆಂದು ಬರೆಯಬೇಕು, ಇಲ್ಲದಿದ್ದರೆ ‘ಇಲ್ಲ’ ಎಂದು. ಮೊದಲ ಸೋಮವಾರ ಬಸ್ಸಿಗೆ ಹೋಗುವ ಮುನ್ನ ಬೀಗರು, ಆಸ್ಪತ್ರೆಯವರು ಮೊದಲೇ ಕೊಟ್ಟು ಕಳಿಸಿದ್ದ ಆ ಹಾಳೆಯನ್ನು ನನ್ನ ಕೌಂಟರಿನ ಮೇಲೆಯೇ ತುಂಬಿದರು. ಏಳಕ್ಕೂ ‘ಇಲ್ಲ’. ಆಗ ಅದು ನಿಜವೇ ಆಗಿತ್ತು. ದಿನಾಂಕದ ಜಾಗ ಖಾಲಿ ಬಿಟ್ಟು ಹಾಳೆಯನ್ನು ನನ್ನ ಕಡೆ ತಳ್ಳಿದರು.

“ಹನ್ನೊಂದು ಕಾಪಿ ಹೊಡೀರಿ. ಪ್ರತಿ ಸಲ ಅದೇ ಪ್ರಶ್ನೆ, ಅದೇ ಉತ್ತರ. ಸುಮ್ನೆ ಯಾಕೆ ಕೈ ನೋಯಿಸ್ಕೊಳ್ಳೋದು?”

ಕೀಲಿಯವರ ಬುದ್ಧಿ. ಒಂದು ಸರಿಯಾಗಿದ್ದರೆ ಉಳಿದದ್ದು ಅದರ ನಕಲು. ನನ್ನ ಬುದ್ಧಿಯೇನೂ ಬೇರೆಯಲ್ಲ. ಕಾಗದ ಕೈಗೆ ಬಂದರೆ ಎಷ್ಟು ಕಾಪಿ ಎಂದು ಕೇಳುವುದು ಬಿಟ್ಟು ಇನ್ನೊಂದು ಪ್ರಶ್ನೆ ನನ್ನ ಬಾಯಿಗೆ ಬರುವುದಿಲ್ಲ. ಹನ್ನೊಂದು ಹೊಡೆದೆ. ಅವರ ಮೇಜಿನ ಮೇಲೆ ಎಣ್ಣೆ ಜಿಡ್ಡು ಎಂದು ಕಾಪಿಗಳನ್ನು ನನ್ನ ಡ್ರಾಯರಿನಲ್ಲೇ ಇಟ್ಟರು. ಕೀಮೋ ಇದ್ದ ಸೋಮವಾರ ಬೆಳಿಗ್ಗೆ ಬಂದು ಒಂದನ್ನು ತೆಗೆದು, ದಿನಾಂಕ ಬರೆದುಕೊಂಡು ಹೋಗುತ್ತಿದ್ದರು.

ಮೊದಲನೆಯದು ಮುಗಿಸಿ ಬಂದ ಮಾರನೇ ದಿನವೇ ಗೋಡೆಯ ಮೇಲಿನ ಕೀಲಿಗೆ ಕೈ ಹಾಕಿ ಕರೆಂಟು ಹೊಡೆದವರಂತೆ ಹಿಂದೆ ಸರಿದರು. ತಣ್ಣಗಿರುವ ಕಬ್ಬಿಣ ಮುಟ್ಟಿದರೆ ಹಾಗಾಗುತ್ತದೆ, ನಾಲ್ಕೈದು ದಿನದಲ್ಲಿ ಇಳಿಯುತ್ತದೆ ಎಂದು ನರ್ಸ್ ಮೊದಲೇ ಹೇಳಿದ್ದಳಂತೆ. ಇಳಿಯಿತು ಕೂಡ. ಆಮೇಲೆ ಎರಡನೆಯದು, ಮೂರನೆಯದು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನನ್ನಲ್ಲಿಗೆ ಬಂದು, ಯಂತ್ರದಿಂದ ಹೊರಬರುವ ಬಿಸಿ ಕಾಗದಗಳ ಮೇಲೆ ಎರಡೂ ಅಂಗೈ ಇಟ್ಟು ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡರು. ನಾನು ಬೇಕಂತಲೇ ನಾಲ್ಕು ಖಾಲಿ ಹಾಳೆ ಹೆಚ್ಚಿಗೆ ಓಡಿಸುತ್ತಿದ್ದೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಐದನೆಯದರ ಹೊತ್ತಿಗೆ ದಿನಾಂಕ ಬರೆಯುವುದು ನನ್ನ ಪಾಲಿಗೆ ಬಂತು. “ಕನ್ನಡಕ ಮರೆತು ಬಂದೆ” ಎನ್ನುತ್ತಿದ್ದರು. ಕನ್ನಡಕ ಅವರ ಹಣೆಯ ಮೇಲೆಯೇ ಇರುತ್ತಿತ್ತು. ಅಂಗಿ ಬಿಟ್ಟು ಟೀ ಶರ್ಟು ಹಾಕತೊಡಗಿದರು. “ಬೀಗರಿಗೆ ಪ್ರಾಯ ಬಂತು” ಎಂದು ಬೀದಿಯೆಲ್ಲ ರೇಗಿಸಿತು, ನಾನೂ ರೇಗಿಸಿದೆ. ಗುಂಡಿ ಹಾಕಲಾಗದೆ ಎಂದು ಯಾರಿಗೆ ಹೊಳೆಯಬೇಕು? ಒಂದು ದಿನ ಬಸ್‌ ನಿಲ್ದಾಣದಿಂದ ಒಂದೇ ಚಪ್ಪಲಿಯಲ್ಲಿ ನಡೆದು ಬಂದರು. ಇನ್ನೊಂದು ಎಲ್ಲಿ ಎಂದು ಕೇಳಿದಾಗ ಕಾಲು ನೋಡಿಕೊಂಡು, “ಇಲ್ಲೇ ಎಲ್ಲೋ ಇರಬೇಕು” ಎಂದು ವಾಪಸು ಹುಡುಕಲು ಹೋದರು. ಹೆಂಡತಿ ಕೇಳಿದರೆ “ಜೋಮು ಅಷ್ಟೇ, ನೋವೇನಿಲ್ಲ” ಎನ್ನುತ್ತಿದ್ದರು. ಜೋಮು ಎಂದರೆ ನಮ್ಮ ಕಡೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಕಾಲು ಮಡಚಿ ಕೂತರೂ ಜೋಮು, ಕೈ ಮೇಲೆ ತಲೆಯಿಟ್ಟು ಮಲಗಿದರೂ ಜೋಮು. ಕೊಡವಿದರೆ ಹೋಗುತ್ತದೆ.

ಒಂಬತ್ತನೆಯ ಕೀಮೋದ ಬೆಳಿಗ್ಗೆ ಯಾವುದೋ ಅರ್ಜೆಂಟು ಕೀಲಿ ಉಜ್ಜಿ ಕೊಟ್ಟು, ನೇರ ನನ್ನಲ್ಲಿಗೆ ಬಂದರು. ಡ್ರಾಯರಿನಿಂದ ಒಂದು ಕಾಪಿ ಎಳೆದು ಕೌಂಟರಿನ ಮೇಲಿಟ್ಟು, ಮಡಿಕೆ ಹೋಗಲೆಂದು ಬೆರಳಿನಿಂದ ಸವರಿದರು. ಏಳು ‘ಇಲ್ಲ’ಗಳ ಮೇಲೆ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ ಎಳೆದುಕೊಂಡಿತು.

“ಬೀಗರೇ, ರಕ್ತ” ಎಂದೆ.

ಅವರು ನನ್ನ ಕೈ ನೋಡಿದರು, ಹಿಂದೆ ತಿರುಗಿ ನೋಡಿದರು.

“ಯಾರದ್ದು?” ಎಂದು ಕೇಳಿದರು.

ಎಡಗೈ ತೋರುಬೆರಳಿನ ತುದಿ ಅರಕ್ಕೆ ಸಿಕ್ಕಿ ಚರ್ಮ ಪೂರ್ತಿ ಹೋಗಿತ್ತು. ಕೀಲಿಯ ಜೊತೆ ಬೆರಳನ್ನೂ ಉಜ್ಜಿದ್ದಾರೆ, ತಿಳಿದಿಲ್ಲ. ನನಗೆ ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಕಾಪಿಗೆ ಬಂದು ನಿಂತಿದ್ದವರೆಲ್ಲ ಹಾಗೇ ಜಾಗ ಖಾಲಿ ಮಾಡಿದರು. ಹಳೇ ಬಟ್ಟೆ ಹರಿದು ಬೆರಳಿಗೆ ಕಟ್ಟುತ್ತಾ, ಎಷ್ಟು ದಿನದಿಂದ ಹೀಗೆ, ಯಾರಿಗೆ ಹೇಳಿದ್ದೀರಿ ಎಂದು ಜಗಳಕ್ಕೇ ನಿಂತೆ. ಅವರು ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿದರು.

“ಹೇಳಿದ್ರೆ ನಿಲ್ಲಿಸಿಬಿಡ್ತಾರೆ” ಎಂದರು ಬೀಗರು.

“ಯಾರು ಹೇಳಿದ್ದು?”

“ಯಾರೂ ಹೇಳೋದು ಬೇಡ, ಕಣ್ಣಾರೆ ನೋಡಿದೀನಿ. ನನ್ನ ಪಕ್ಕದ ಕುರ್ಚಿಲಿ ಒಬ್ರು ಬಸ್ ಡ್ರೈವರ್ ಕೂರ್ತಿದ್ರು. ಇಬ್ಬರಿಗೂ ಒಂದೇ ಔಷಧ. ಅವರು ಕಾಲು ಉರಿಯುತ್ತೆ, ಬ್ರೇಕ್ ಮೇಲೆ ಕಾಲಿಟ್ಟಿದ್ದು ಗೊತ್ತಾಗಲ್ಲ ಅಂತ ಬರೆದುಕೊಟ್ರು. ನಿಲ್ಲಿಸಿದ್ರು. ಮುಂದಿನ ಸೋಮವಾರದಿಂದ ಕುರ್ಚಿ ಖಾಲಿ. ಆಮೇಲೆ ಬರಲೇ ಇಲ್ಲ.” ಕಟ್ಟಿದ ಬೆರಳನ್ನು ನೋಡಿಕೊಂಡರು. “ಬೆರಳು ಹೋದ್ರೆ ಹೋಗ್ಲಿ ಜೆರಾಕ್ಸಮ್ಮ. ಅವಳಿಗೆ ಯಾರಿದ್ದಾರೆ, ನಾನು ಬಿಟ್ರೆ?”

ನಾಲ್ಕು ತಿಂಗಳು ಆ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದು ಇದಕ್ಕೆ. ಅದಕ್ಕೆ ಕಾಪಿ ಹೊಡೆದುಕೊಟ್ಟವಳು ನಾನು, ದಿನಾಂಕ ಬರೆದವಳೂ ನಾನೇ. ಷಟರ್ ಎಳೆದೆ. ರಕ್ತ ಅಂಟಿದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಅವರ ಜೊತೆ ಬಸ್ಸು ಹತ್ತಿದೆ. ಕಂಬಿ ಹಿಡಿದರೆ ಕೈ ಜುಮ್ಮೆನ್ನುತ್ತದೆಂದು ಅವರು ಮೊಣಕೈಯನ್ನು ಕಂಬಿಗೆ ಸುತ್ತಿಕೊಂಡು ನಿಂತಿದ್ದರು. ಇಷ್ಟು ದಿನ ಅದನ್ನೂ ಯಾರೂ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ನಾನು “ಬೀಗರೇ, ಇಲ್ಲಿ ಕೂತ್ಕೊಳ್ಳಿ” ಎಂದಾಗ ನರ್ಸ್ ನಗುತ್ತಾ, “ನೀವು ಹುಡುಗನ ಕಡೆಯವರಾ, ಹುಡುಗಿ ಕಡೆಯವರಾ?” ಎಂದು ಕೇಳಿದಳು. “ಕೀಲಿ ಕಡೆಯವರು” ಎಂದರು ಬೀಗರು. ಅಂಥ ಹೊತ್ತಿನಲ್ಲೂ ಬಿಡಲಿಲ್ಲ.

ಹಾಳೆಯನ್ನು ನಾನು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ, ಮಾತಾಡಲಿಲ್ಲ. ಮಾತಾಡದೇ ಇರುವುದು ನನಗೆ ಎಷ್ಟು ಕಷ್ಟವೆಂದು ಬಲ್ಲವರು ಬಲ್ಲರು. ಆಕೆ ಗೆರೆಯನ್ನು ನೋಡಿದರು, ಬೆರಳಿನ ಕಟ್ಟನ್ನು ನೋಡಿದರು, ಹಳೆಯ ಹಾಳೆಗಳನ್ನು ಫೈಲಿನಿಂದ ತೆಗೆದು ಒಂದರ ಪಕ್ಕ ಒಂದಿಟ್ಟರು. ಎಂಟೂ ಒಂದೇ ಕೈಬರಹ, ಒಂದೇ ಜಾಗದಲ್ಲಿ ಒಂದೇ ಇಂಕಿನ ಚುಕ್ಕೆ. ಬೈಯಲಿಲ್ಲ. “ಕಣ್ಣು ಮುಚ್ಚಿ, ಬಲಗೈ ಕೊಡಿ” ಎಂದು, ತಮ್ಮ ಪರ್ಸಿನಿಂದ ಒಂದು ವಸ್ತು ತೆಗೆದು ಅವರ ಬೆರಳುಗಳ ನಡುವೆ ಇಟ್ಟರು. “ಇದೇನು ಹೇಳಿ.”

ಬೀಗರು ಅದನ್ನು ಹೊರಳಿಸಿದರು, ಹೆಬ್ಬೆರಳಿನಿಂದ ಒತ್ತಿದರು. ತುಂಬ ಹೊತ್ತು ಹಿಡಿಯಿತು.

“ಪೆನ್ನಿನ ಮುಚ್ಚಳ” ಎಂದರು.

ಕಣ್ಣು ತೆರೆದು ನೋಡಿದರೆ ಕೈಯಲ್ಲಿ ಕೀಲಿ. ಮನೆಬಾಗಿಲಿನದು, ಸಾಮಾನ್ಯದ್ದು, ಅಂಥವನ್ನು ಅವರು ಸಾವಿರಗಟ್ಟಲೆ ಮಾಡಿದ್ದಾರೆ. ಅವರು ಅದನ್ನು ಮೇಜಿನ ಮೇಲಿಟ್ಟು, ಯಾರೂ ಕೇಳದೆಯೇ, ಒಂದೊಂದಾಗಿ ಹೇಳತೊಡಗಿದರು. ಅಂಗಾಲಿನಲ್ಲಿ ಕೆಂಡ ತುಳಿದ ಹಾಗೆ, ಹೊದಿಕೆ ತಾಗಿದರೂ ತಡೆಯಲಾಗದು. ಬೆರಳುಗಳು ಮರಗಟ್ಟಿವೆ, ಆದರೆ ಒಳಗೆ ಚುಚ್ಚುತ್ತದೆ. ಮುಟ್ಟಿದ್ದು ತಿಳಿಯುವುದಿಲ್ಲ, ನೋವು ಮಾತ್ರ ತಿಳಿಯುತ್ತದೆ. ಬೀಗ ತೆಗೆಯಲು ಕರೆದವರಿಗೆ ಹುಷಾರಿಲ್ಲ ಎಂದು ಎರಡು ತಿಂಗಳಿಂದ ಸುಳ್ಳು ಹೇಳಿದ್ದಾರೆ. ಆ ಮನುಷ್ಯ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಗೋಡೆ ಕಡೆ ತಿರುಗಿ ಅತ್ತೆ.

“ಎರಡು ಔಷಧ ಸೇರಿಸಿ ಕೊಡ್ತಿದೀವಿ. ನರಕ್ಕೆ ಪೆಟ್ಟು ಕೊಡ್ತಿರೋದು ಒಂದು. ಅದನ್ನ ಇವತ್ತಿಂದ ನಿಲ್ಲಿಸೋಣ, ಇನ್ನೊಂದು ಪೂರ್ತಿ ಮುಗಿಸೋಣ” ಎಂದರು ಡಾಕ್ಟರಮ್ಮ. “ಇದು ಚಿಕಿತ್ಸೆ ಬಿಟ್ಟ ಹಾಗಲ್ಲ. ಐದನೆಯದರಲ್ಲೇ ಹೇಳಿದ್ರೆ ಡೋಸ್ ಇಳಿಸಿ ನೋಡಬಹುದಿತ್ತು.”

ಬೀಗರು ಡ್ರೈವರನ ಮಾತು ತೆಗೆದರು. ಡಾಕ್ಟರಮ್ಮ ಬಾಗಿಲಲ್ಲಿದ್ದ ನರ್ಸ್ ಮುಖ ನೋಡಿದರು.

“ಅವರಾ?” ಎಂದಳು ನರ್ಸ್. “ಅವರು ಗುರುವಾರಕ್ಕೆ ಬದಲಾಯಿಸ್ಕೊಂಡ್ರು. ಸೋಮವಾರ ಅವರ ಮಗಳಿಗೆ ಬಿಡುವಿರ್ತಿರಲಿಲ್ಲ. ಕೋರ್ಸ್ ಮುಗೀತಲ್ಲ, ಮೊನ್ನೆ ಚೆಕಪ್‌ಗೆ ಬಂದಿದ್ರು.”

ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಬೀಗರು, “ಗುರುವಾರ” ಎಂದು ಒಮ್ಮೆ ಹೇಳಿದರು. ಒಂದು ಗುರುವಾರದ ಕಾರಣಕ್ಕೆ ಹತ್ತು ಬೆರಳು. ಇದನ್ನು ಯಾರ ಮೇಲೆ ಹಾಕುವುದು? ಯಾರೂ ಸುಳ್ಳು ಹೇಳಿರಲಿಲ್ಲ, ಇವರೊಬ್ಬರನ್ನು ಬಿಟ್ಟು.

ಆ ಸಂಜೆ ಬೀಗಿತ್ತಿಗೆ ಎಲ್ಲ ತಿಳಿಯಿತು. ಅವಳು ಕೂಗಾಡಲಿಲ್ಲ. ಮಾರನೇ ದಿನ ನನ್ನ ಕೌಂಟರಿಗೆ ಬಂದು, “ನಿಮಗೆ ಓದೋಕೆ ಬರುತ್ತಲ್ಲಾ ಜೆರಾಕ್ಸಮ್ಮ, ನೀವಾದ್ರೂ ಹೇಳಬಾರದಿತ್ತಾ?” ಎಂದಷ್ಟೇ ಕೇಳಿದಳು. ಕೂಗಾಡಿದ್ದರೆ ವಾಸಿಯಿತ್ತು.

ಇನ್ನು ಮುಂದಿನದು ದಣಿವಿನ ಕಥೆ, ಹೇಳಲು ಹೆಚ್ಚೇನಿಲ್ಲ. ರಾತ್ರಿ ಒಂದು ಮಾತ್ರೆ ಕೊಟ್ಟರು, ಉರಿ ಸ್ವಲ್ಪ ಹಿಂದಕ್ಕೆ ಹೋಯಿತು, ಅದರ ಜೊತೆ ತಲೆಯೂ ಮಂಕಾಯಿತು. ಬೆರಳಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿ, ಇನ್ನು ಬೆರಳನ್ನು ನಂಬಬೇಡಿ, ಕಣ್ಣಿನಿಂದ ಮುಟ್ಟಿ ಎಂದಳಂತೆ. ಸ್ನಾನದ ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಬೇಕು. ಮನೆಯೊಳಗೂ ಬರಿಗಾಲಿನಲ್ಲಿ ನಡೆಯುವಂತಿಲ್ಲ. ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿ, ಗಾಯವಿದೆಯೇ ಎಂದು ಹುಡುಕಬೇಕು. ಬೀಗಿತ್ತಿ ಅವರ ಅಂಗಿಗಳ ಗುಂಡಿ ಕಿತ್ತು, ಒಳಗೆ ಅಂಟುವ ಪಟ್ಟಿ ಹೊಲಿದು, ಮೇಲೆ ಗುಂಡಿಗಳನ್ನು ಬರೀ ನೋಟಕ್ಕೆ ಕೂರಿಸಿದಳು. ಒಂದು ಬಟ್ಟಲಿನಷ್ಟು ಕಾಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಂದೊಂದಾಗಿ ಹಾಕುವುದು ಅವರ ಬೆಳಗಿನ ಕೆಲಸವಾಯಿತು. ಒಮ್ಮೆ ನಾನು ಹೋದಾಗ ಅರ್ಧ ಕಾಳು ನೆಲದ ಮೇಲಿತ್ತು, ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು.

ಆ ಔಷಧ ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಜೋಮು ಹೆಚ್ಚಬಹುದು, ಆಮೇಲೆ ಇಳಿಯಲು ವರ್ಷ ಹಿಡಿಯಬಹುದು, ಪೂರ್ತಿ ಹೋಗುತ್ತದೆಂದು ಮಾತು ಕೊಡುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹಾಗೆಯೇ ಹೆಚ್ಚಿತು. ಆಗ ಬೀಗರಿಗೆ ನನ್ನ ಮೇಲೆ ಕೋಪ ಬಂತು. “ನಿಲ್ಲಿಸಿದ ಮೇಲೂ ಇಷ್ಟೇ ಆದ್ರೆ, ನಿಲ್ಲಿಸಿ ಏನು ಬಂತು? ಔಷಧಾನೂ ಹೋಯ್ತು, ಬೆರಳೂ ಹೋಯ್ತು” ಎಂದು ನನ್ನ ಅಂಗಡಿಯ ಮುಂದೆ ನಿಂತು ಹೇಳಿ, ಒಂದು ತಿಂಗಳು ಮಾತು ಬಿಟ್ಟರು. ಬಿಸಿ ಕಾಗದಕ್ಕೂ ಬರಲಿಲ್ಲ. ಬೆಳಿಗ್ಗೆ ಖಾಲಿ ಹಾಳೆ ಓಡಿಸಿ, ಅದು ತಣ್ಣಗಾಗುವುದನ್ನು ನಾನು ನೋಡುತ್ತಿದ್ದೆ. ಕೊನೆಗೆ ಸ್ಕ್ಯಾನ್ ಆಗಿ, ಸದ್ಯಕ್ಕೆ ಏನೂ ಇಲ್ಲ ಎಂದು ತಿಳಿದ ಸಂಜೆ, ಬಾಗಿಲಲ್ಲಿ ನಿಂತು ರಿಪೋರ್ಟು ಚಾಚಿ, “ಇದಕ್ಕೊಂದು ಕಾಪಿ” ಎಂದರು. ಅಲ್ಲಿಗೆ ಕೋಪ ಮುಗಿಯಿತು.

ಮೊನ್ನೆ ಶನಿವಾರ ನನ್ನ ಷಟರಿನ ಬೀಗದೊಳಗೇ ಕೀಲಿ ಮುರಿಯಿತು. ಇನ್ನೊಂದು ಕೀಲಿ ಅಂಗಡಿಯ ಒಳಗೆ, ಡ್ರಾಯರಿನಲ್ಲಿತ್ತು. ಬುದ್ಧಿವಂತಿಕೆ ಪೂರ್ತಿ ನನ್ನದೇ. ಪರೀಕ್ಷೆಯ ಅರ್ಜಿ ಹಿಡಿದು ಏಳೆಂಟು ಜನ ಕಾಯುತ್ತಿದ್ದರು. ಒಡೆಸಿಬಿಡಿ ಎಂದು ಒಬ್ಬ ಹೇಳಿದ. ನಾನು ಬೀಗರ ಮನೆಗೆ ಹೋದೆ. ಶಾಲೆಗೆ ರಜೆ, ಇಬ್ಬರೂ ಬಂದರು.

ಮುರಿದ ಚೂರನ್ನು ಬೀಗಿತ್ತಿ ಚಿಮಟದಲ್ಲಿ ಎಳೆದಳು. ಆಮೇಲೆ ಕೊಕ್ಕೆಯನ್ನೂ ಅವಳೇ ಹಿಡಿದಳು. ಬೀಗರು ಮೆಟ್ಟಿಲ ಮೇಲೆ ಕೂತು ಷಟರಿಗೆ ಕಿವಿ ಕೊಟ್ಟರು.

“ಈಗ ಮೂರನೇ ಪಿನ್ನು. ಬಿಗಿ ಇದೆಯಾ?”

“ಇದೆ ಸ್ವಲ್ಪ” ಎಂದಳು ಬೀಗಿತ್ತಿ.

“ಸ್ವಲ್ಪ ಅಂದ್ರೆ ನಂಗೆ ಹೇಗೆ ಗೊತ್ತಾಗಬೇಕು? ಒಂದರಿಂದ ಹತ್ತರೊಳಗೆ ಹೇಳು.”

ಬೀಗಿತ್ತಿ ಕೊಕ್ಕೆ ಅಲ್ಲೇ ಬಿಟ್ಟು ಗಂಡನ ಮುಖ ನೋಡಿದಳು. “ಆರು” ಎಂದಳು. “ಇರೋದನ್ನ ಇದೆ ಅಂತಲೇ ಹೇಳ್ತೀನಿ ರೀ, ನಿಮ್ಮ ಹಾಗಲ್ಲ.”

ಮುಂಚೆ ಮೂರು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕಾದವರಲ್ಲಿ ಅರ್ಧ ಜನ ಹೋದರು. ಬೀಗ ತೆರೆದಾಗ ಬೀಗಿತ್ತಿ ನೆಲಕ್ಕೆ ಕುಸಿದು ಕೂತು ಸೊಂಟ ಹಿಡಿದುಕೊಂಡಳು. ಬೀಗರು ಮೊದಲು ಬೀಗವನ್ನು ತಿರುಗಿಸಿ ನೋಡಿ, ಎಲ್ಲೂ ಗೀರಿಲ್ಲ ಎಂದು ಖಚಿತ ಮಾಡಿಕೊಂಡರು.

ಒಳಗೆ ಬಂದು ಜೇಬಿನಿಂದ ಹಾಳೆ ತೆಗೆದರು. ಸೋಮವಾರ ಚೆಕಪ್ ಇತ್ತು. ಅದೇ ಏಳು ಪ್ರಶ್ನೆ, ಅವರೇ ತುಂಬಿದ್ದರು. ಪೆನ್ನಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡು ಬರೆದ ಸೊಟ್ಟ ಅಕ್ಷರ. ಜೋಮು ಎಂಟು. ಉರಿ ಐದು. ಚುಚ್ಚುವುದು ಐದು. ತಣ್ಣಗಿನದು ಎರಡು. ಗುಂಡಿ ಏಳು. ಎಡವುವುದು ನಾಲ್ಕು. ದಿನದ ಕೆಲಸಕ್ಕೆ ತೊಂದರೆ, ಹತ್ತು. ಆ ಹತ್ತನ್ನು ಎರಡು ಸಲ ಓದಿದೆ. ಅಭ್ಯಾಸ ಕೈಬಿಡಲಿಲ್ಲ, “ಎಷ್ಟು ಕಾಪಿ?” ಎಂದೆ.

“ಒಂದೇ. ಮುಂದಿನ ಸಲದ್ದು ಮುಂದಿನ ಸಲ ಬರೀತೀನಿ.”

ಯಂತ್ರದಿಂದ ಬಂದ ಕಾಪಿಯನ್ನು ಕೊಟ್ಟೆ. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. “ಬಿಸಿ ಇದೆ” ಎಂದರು.

“ಬೆರಳಿಗೆ ಗೊತ್ತಾಗುತ್ತಾ?” ಎಂದು ಕೇಳಿದೆ. ಒಂದು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಅದು.

ಅವರು ಕಾಗದವನ್ನು ಕೌಂಟರಿನ ಮೇಲಿಟ್ಟು, ಹತ್ತೂ ಬೆರಳು ಅದರ ಮೇಲೆ ಹರಡಿ, ಕಣ್ಣು ಮುಚ್ಚಿ ಕಾದರು. ಬೀಗಿತ್ತಿ ಹೊರಗಿನಿಂದಲೇ ನೋಡುತ್ತಿದ್ದಳು.

“ಇಲ್ಲ” ಎಂದರು.